ಕೆರೆ ತುಂಬಿದೆ, ಉಪಗ್ರಹ ಚಿತ್ರದಲ್ಲಿ ಮಾತ್ರ ಅರ್ಧ ಬತ್ತಿದ ಹಾಗೆ ಕಾಣುತ್ತಿದೆ. ಯಾಕೆ?

ಏರಿಮೇಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ. ಊರಿನ ಕೆರೆ ಸುಮಾರು 40 ಎಕರೆ ಇದೆ. ಮೊದಲೆಲ್ಲ ಮಳೆ ಬಂದ ವರ್ಷ ತುಂಬುವುದು, ಇಲ್ಲದ ವರ್ಷ ಅಂಗಳದಲ್ಲಿ ದನ ಮೇಯುವುದು, ಹೀಗೇ ಇತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಕಳಿಸುವ ನೀರು, ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಮೇಲೆ ಒಂದೊಂದೇ ಕೆರೆ ಕೋಡಿ ಹರಿದು ನಮ್ಮ ಕಡೆಗೂ ನೀರು ಬಂತು. ಈಗ ಬೇಸಿಗೆಯಲ್ಲೂ ನೀರು ನಿಂತಿರುತ್ತದೆ.

ನಾವು ಕೆಲವರು ಸೇರಿ ಕೆರೆಯ ಮೇಲೆ ಒಂದು ಕಣ್ಣಿಡೋಣ, ತಿಂಗಳು ತಿಂಗಳು ಎಷ್ಟು ನೀರಿದೆ ಅಂತ ಲೆಕ್ಕ ಇಡೋಣ ಅಂದುಕೊಂಡೆವು. ನನಗೆ ಸ್ವಲ್ಪ ಕಂಪ್ಯೂಟರ್ ಗೊತ್ತಿರುವುದರಿಂದ ಈ ಕೆಲಸ ನನ್ನ ಪಾಲಿಗೆ ಬಂತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್‌ ಅನ್ನುವ ಜಾಲತಾಣದಿಂದ ಇಳಿಸಿಕೊಂಡು, ಕ್ಯುಜಿಐಎಸ್‌ ಅನ್ನುವ ನಕ್ಷೆ ತಂತ್ರಾಂಶದಲ್ಲಿ ನೀರು ಗುರುತಿಸುವ ಎನ್‌ಡಿಡಬ್ಲ್ಯುಐ ಸೂತ್ರ ಹಾಕುತ್ತಿದ್ದೇನೆ. ಸೊನ್ನೆಗಿಂತ ಜಾಸ್ತಿ ಬಂದದ್ದು ನೀರು, ಕಡಿಮೆ ಬಂದದ್ದು ನೆಲ.

ವಿಷಯ ಏನೆಂದರೆ, ಕೆರೆ ಕಣ್ಣೆದುರಿಗೇ ತುಂಬಿ ನಿಂತಿದೆ. ತೂಬಿನ ಕಲ್ಲು ಮುಳುಗಿದೆ. ಆದರೆ ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ನೀರು. ಹೋದ ಚಿತ್ರಕ್ಕೂ ಈ ಚಿತ್ರಕ್ಕೂ ಐದೇ ದಿನದ ಅಂತರ, ಅಷ್ಟರಲ್ಲೇ ಎಕರೆಗಟ್ಟಲೆ ವ್ಯತ್ಯಾಸ ತೋರಿಸುತ್ತದೆ. ಅಷ್ಟು ಬೇಗ ಕೆರೆ ಖಾಲಿ ಆಗಲು ಸಾಧ್ಯವೇ ಇಲ್ಲ ಅಲ್ವಾ? ಸೂತ್ರ ತಪ್ಪೋ, ಚಿತ್ರ ತಪ್ಪೋ, ಅಥವಾ ಇಷ್ಟು ಸಣ್ಣ ಕೆರೆಗೆ ಇದೆಲ್ಲ ಆಗುವುದೇ ಇಲ್ಲವೋ? ದಯವಿಟ್ಟು ತಿಳಿದವರು ಹೇಳಿ. ಪಂಚಾಯಿತಿ ಮುಂದೆ ಇದನ್ನು ಇಡಬೇಕು. ತಪ್ಪು ಅಂಕಿ ಇಟ್ಟರೆ ಮುಂದೆ ಸರಿಯಾದದ್ದನ್ನೂ ಯಾರೂ ನಂಬುವುದಿಲ್ಲ.

---

ಹತ್ತುಮೀಟರ್ ಉತ್ತರಿಸಿದ್ದು:

ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಕೆರೆಯಲ್ಲಿ ಅಂತರಗಂಗೆ ಬಂದಿದೆಯಾ? ದಪ್ಪ ಹಸಿರು ಎಲೆ, ನೇರಳೆ ಹೂ ಬಿಡುವ ತೇಲುವ ಕಳೆ. ಬಂದಿದ್ದರೆ ಸೂತ್ರವೂ ಸರಿ, ಚಿತ್ರವೂ ಸರಿ. ನೀರು ಕಳೆಯ ಕೆಳಗಿದೆ, ಅಷ್ಟೇ.

ಒಳಗೆ ಆಗುವುದು ಇದು. ಎನ್‌ಡಿಡಬ್ಲ್ಯುಐ ಅನ್ನುವುದು 1996ರಲ್ಲಿ ಮೆಕ್‌ಫೀಟರ್ಸ್ ಕೊಟ್ಟ ಸೂತ್ರ. ಹಸಿರು ಬೆಳಕಿನ ಪಟ್ಟಿಯಿಂದ ಇನ್‌ಫ್ರಾರೆಡ್ ಪಟ್ಟಿಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಬೇಕು. ಸೆಂಟಿನೆಲ್-2ರಲ್ಲಿ ಅವು ಬಿ3 ಮತ್ತು ಬಿ8. ತೆರೆದ ನೀರು ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿಬಿಡುತ್ತದೆ, ಹಾಗಾಗಿ ಉತ್ತರ ಸೊನ್ನೆಗಿಂತ ಮೇಲೆ ಬರುತ್ತದೆ. ಹಸಿರೆಲೆ ತದ್ವಿರುದ್ಧ. ಅದೇ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ. ಆ ಎಲೆ ರಾಗಿ ಹೊಲದಲ್ಲಿದೆಯೋ, ಹತ್ತು ಅಡಿ ನೀರಿನ ಮೇಲೆ ತೇಲುತ್ತಿದೆಯೋ ಅನ್ನುವುದು ಸೂತ್ರಕ್ಕೆ ಗೊತ್ತಾಗುವುದಿಲ್ಲ. ಎಲೆ ಕಂಡರೆ ಉತ್ತರ ಸೊನ್ನೆಗಿಂತ ಕೆಳಗೆ. ನೀವು ಅದನ್ನು ನೆಲ ಅಂತ ಎಣಿಸುತ್ತೀರಿ.

ಐದು ದಿನದಲ್ಲಿ ಅಷ್ಟು ವ್ಯತ್ಯಾಸ ಬರುವುದಕ್ಕೂ ಕಾರಣ ಅದೇ ಇರಬೇಕು. ಅಂತರಗಂಗೆಗೆ ಬೇರು ನೆಲದಲ್ಲಿ ಇಲ್ಲ. ಗಾಳಿ ಬಂದ ಕಡೆ ಹೋಗುತ್ತದೆ. ಒತ್ತಿಕೊಂಡು ಒಂದು ಮೂಲೆಗೆ ಸೇರಿದರೆ ನೀರು ಜಾಸ್ತಿ ಕಾಣುತ್ತದೆ, ಚದುರಿದರೆ ಕಡಿಮೆ ಕಾಣುತ್ತದೆ. ಕೆರೆಯಲ್ಲಿ ಒಂದು ಕೊಡ ನೀರೂ ಹೆಚ್ಚು ಕಡಿಮೆ ಆಗಿರುವುದಿಲ್ಲ.

ಈಗ ಪರಿಹಾರಕ್ಕೆ ಬರೋಣ. ಎರಡು ಬಣ್ಣದ ನಕ್ಷೆ ಬಿಟ್ಟುಬಿಡಿ, ಮೂರು ಬಣ್ಣ ಮಾಡಿ. ಮೊದಲು ಕೆರೆಯ ಗರಿಷ್ಠ ಅಂಚನ್ನು ಗುರುತಿಸಿಕೊಳ್ಳಿ. ಕೋಲಾರದ ಕಡೆ 2021ರ ನವೆಂಬರ್ ಮಳೆಗೆ ಕೆರೆಗಳೆಲ್ಲ ಕೋಡಿ ಬಿದ್ದಿದ್ದವಲ್ಲ, ಅದಾದ ಮೇಲೆ ಮೋಡ ಸರಿದ ಮೊದಲ ಒಳ್ಳೆಯ ಚಿತ್ರ ಹುಡುಕಿ. ಅದರ ಮೇಲೆ ಕೈಯಲ್ಲೇ ಗೆರೆ ಎಳೆಯಿರಿ. ಇನ್ನು ಮುಂದೆ ಎಲ್ಲ ಲೆಕ್ಕವೂ ಆ ಗೆರೆಯ ಒಳಗೆ ಮಾತ್ರ. ಆ ಗೆರೆಯೊಳಗೆ ಎನ್‌ಡಿಡಬ್ಲ್ಯುಐ ಸೊನ್ನೆಗಿಂತ ಮೇಲಿದ್ದರೆ ತೆರೆದ ನೀರು. ಎನ್‌ಡಿವಿಐ, ಅಂದರೆ ಹಸಿರೆಲೆ ಗುರುತಿಸುವ ಇಂಥದ್ದೇ ಇನ್ನೊಂದು ಸೂತ್ರ, 0.3, 0.4 ದಾಟಿದರೆ ಹಸಿರು. ಎರಡೂ ಅಲ್ಲದ್ದು ಬರಿ ಮಣ್ಣು. ಗಡಿಯ ಅಂಕಿಯನ್ನು ನಿಮ್ಮ ಕೆರೆಗೆ ತಕ್ಕಂತೆ ಸ್ವಲ್ಪ ಹೊಂದಿಸಿಕೊಳ್ಳಬೇಕಾಗುತ್ತದೆ. ಪುಸ್ತಕದ ಅಂಕಿ ಎಲ್ಲ ಕಡೆ ಕೂರುವುದಿಲ್ಲ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಆ ಹಸಿರು ತೇಲುವ ಕಳೆಯೋ, ಅಥವಾ ನೀರು ಇಳಿದು ಅಂಗಳದಲ್ಲಿ ಎದ್ದ ಹುಲ್ಲೋ? ಇಲ್ಲಿ ಉಪಗ್ರಹಕ್ಕಿಂತ ಕೆರೆ ಕಟ್ಟಿದವರ ಬುದ್ಧಿ ಕೆಲಸಕ್ಕೆ ಬರುತ್ತದೆ. ನಮ್ಮ ಕೆರೆಗಳಲ್ಲಿ ಏರಿಯ ಬುಡ ಆಳ, ಅಂಗಳದ ಕಡೆ ತೆಳು. ನೀರು ಇಳಿಯುವಾಗ ಅಂಗಳದ ಕಡೆಯಿಂದ ಏರಿಯ ಕಡೆಗೆ ಸರಿಯುತ್ತದೆ, ಕೊನೆಯ ಗುಂಡಿ ನೀರು ತೂಬಿನ ಹತ್ತಿರ ಉಳಿಯುತ್ತದೆ. ಅಂದರೆ ಏರಿಗೆ ಅಂಟಿಕೊಂಡು ಹಸಿರು, ಅದರ ಆಚೆ ಅಂಗಳದ ಕಡೆ ತೆರೆದ ನೀರು ಕಂಡರೆ ಅದು ಕಳೆಯೇ, ಅಂಗಳದಲ್ಲಿ ಎದ್ದ ಹುಲ್ಲು ಆಗಲು ಸಾಧ್ಯವಿಲ್ಲ. ಆಳವಿರುವ ಕಡೆ ನೀರು ಹೋಗಿ ತೆಳುವಿರುವ ಕಡೆ ಉಳಿಯುವುದು ಎಲ್ಲಿಯೂ ಇಲ್ಲ. ಅದೇ, ಅಂಗಳದ ಅಂಚಿನಿಂದ ಹಸಿರು ಶುರುವಾಗಿ, ಹಸಿರಿಗೂ ನೀರಿಗೂ ನಡುವೆ ಒದ್ದೆ ಮಣ್ಣಿನ ಕಂದು ಪಟ್ಟಿ ಕಂಡರೆ ಕೆರೆ ನಿಜವಾಗಿ ಇಳಿಯುತ್ತಿದೆ.

ಅಂಚಿನಲ್ಲಿ ಬೇರೂರಿ ನಿಲ್ಲುವ ಜೊಂಡು ಬೇರೆ ಕಥೆ. ಅದು ಗಾಳಿಗೆ ಕದಲುವುದಿಲ್ಲ. ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಹಸಿರು ಕೂತಿದ್ದರೆ ಜೊಂಡು ಅಂತ ಬರೆದುಕೊಳ್ಳಿ.

---

ವರ್ತೂರಿನಿಂದ ಉತ್ತರಿಸಿದ್ದು:

ಮೇಲಿನ ಉತ್ತರಕ್ಕೆ ನನ್ನದೂ ಒಂದು ಸೇರಿಕೆ. ಬೆಳ್ಳಂದೂರು, ವರ್ತೂರು ಕೆರೆಗಳ ಹಳೆಯ ಚಿತ್ರಗಳನ್ನು ಗೂಗಲ್ ಅರ್ತ್‌ನಲ್ಲಿ ಹಿಂದೆ ಮುಂದೆ ಮಾಡಿ ನೋಡಿ. ಕೆಲವು ವರ್ಷಗಳಲ್ಲಿ ಅಲ್ಲಿ ಕೆರೆ ಇದೆ ಅಂತಲೇ ಅನ್ನಿಸುವುದಿಲ್ಲ, ಹಸಿರು ಮೈದಾನ. ನಗರದ ಕೊಳಚೆಯಲ್ಲಿ ಬರುವ ಸಾರಜನಕ, ರಂಜಕ ಕಳೆಗೆ ಒಳ್ಳೆಯ ಗೊಬ್ಬರ. ಬೆಳ್ಳಂದೂರಿನಲ್ಲಿ ನೊರೆ, ಬೆಂಕಿ ಎರಡೂ ಆಗಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಹಸಿರು ನ್ಯಾಯಮಂಡಳಿಯ ಆದೇಶ ಬಂದು, ಹೂಳೆತ್ತಲು ನೀರು ಹೊರಗೆ ಬಿಟ್ಟರು. ಆ ಕಾಲದ ಚಿತ್ರದಲ್ಲಿ ಕೆರೆ ಪೂರ್ತಿ ಕಂದು. ಹಿನ್ನೆಲೆ ಗೊತ್ತಿಲ್ಲದವರು ಆ ಎರಡು ಚಿತ್ರ ಅಕ್ಕಪಕ್ಕ ಇಟ್ಟು "ಕೆರೆ ನುಂಗಿದರು" ಅಂತ ಹಂಚುತ್ತಾರೆ. ನುಂಗಿದ ಕೆರೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಆದರೆ ಆ ಚಿತ್ರ ಅದಕ್ಕೆ ಸಾಕ್ಷಿ ಅಲ್ಲ.

ನೀವು ಹೇಳಿದ ಕೆ.ಸಿ. ವ್ಯಾಲಿ ನೀರು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಆ ಹಂತದಲ್ಲಿ ಕೊಳೆಯುವ ಕಸ ಹೋಗುತ್ತದೆ, ಸಾರಜನಕ ಮತ್ತು ರಂಜಕ ಪೂರ್ತಿ ಹೋಗುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಕಳೆ ಹೆಚ್ಚಿದರೆ ಆಶ್ಚರ್ಯವಿಲ್ಲ. ಕಳೆ ಎಷ್ಟು ಎಕರೆ, ಯಾವ ತಿಂಗಳು ಶುರುವಾಯಿತು, ಯಾವ ಕಡೆಯಿಂದ ಬಂತು ಅನ್ನುವ ಲೆಕ್ಕವನ್ನೇ ನೀವು ಮುಖ್ಯವಾಗಿ ಇಡಬೇಕು ಅಂತ ನನ್ನ ಅಭಿಪ್ರಾಯ. ನೀರಿನ ವಿಸ್ತೀರ್ಣಕ್ಕಿಂತ ಅದು ಹೆಚ್ಚು ಹೇಳುತ್ತದೆ. ಕಳೆ ತೆಗೆಸಲು ಹಣ ಕೇಳುವಾಗಲೂ ಅದೇ ಬೇಕು. ತೆಗೆಸಿದ ಮೇಲೆ ಎಷ್ಟು ವಾರದಲ್ಲಿ ವಾಪಸ್ ಬಂತು ಅಂತ ತೋರಿಸಲೂ ಅದೇ ಬೇಕು.

ಇನ್ನೊಂದು. ನೀರು ಚೆನ್ನಾಗಿದೆಯಾ ಅಂತ ಯಾರಾದರೂ ಖಂಡಿತ ಕೇಳುತ್ತಾರೆ. ಪಾಚಿ ಎಷ್ಟಿದೆ ಅನ್ನುವುದರ ಅಂದಾಜು ಸಿಗುತ್ತದೆ, ಕೆಂಪು ಪಟ್ಟಿಯ ಅಂಚಿನಲ್ಲಿ ಬಿ5 ಅಂತ ಒಂದು ಪಟ್ಟಿ ಇದೆ, ಬಿ4 ಜೊತೆ ಹೋಲಿಸಿ ನೋಡಬಹುದು. ನೀರು ಕದಡಿದೆಯಾ ಅಂತಲೂ ಹೇಳಬಹುದು. ಆದರೆ ನೈಟ್ರೇಟ್, ಅಮೋನಿಯಾ, ಭಾರ ಲೋಹ, ರೋಗಾಣು ಇವು ಯಾವುದೂ ಮೇಲಿನಿಂದ ಕಾಣುವುದಿಲ್ಲ. ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೇ ಕೊಡಬೇಕು. ಚಿತ್ರದಲ್ಲಿ ನೀಲಿ ಕಂಡಿತು ಅಂತ ದಯವಿಟ್ಟು ಯಾರೂ ನೀರು ಶುದ್ಧ ಅಂದುಕೊಳ್ಳಬೇಡಿ.

---

ಕೋಡ್ ಕಣಜ ಉತ್ತರಿಸಿದ್ದು:

ಒಂದೊಂದೇ ಚಿತ್ರ ಇಳಿಸಿಕೊಂಡು ಎಷ್ಟು ದಿನ ಮಾಡುತ್ತೀರಿ? ಗೂಗಲ್ ಅರ್ತ್ ಎಂಜಿನ್‌ನಲ್ಲಿ ಖಾತೆ ಮಾಡಿಕೊಳ್ಳಿ, ವ್ಯಾಪಾರಕ್ಕಲ್ಲದ ಕೆಲಸಕ್ಕೆ ಉಚಿತ. ಕೆರೆಯ ಗೆರೆ ಒಮ್ಮೆ ಕೊಟ್ಟರೆ 2017ರಿಂದ ಇಲ್ಲಿಯವರೆಗಿನ ಅಷ್ಟೂ ಚಿತ್ರಗಳ ಲೆಕ್ಕ ಒಂದೇ ಪಟ್ಟಿಯಲ್ಲಿ ಬರುತ್ತದೆ. ಸೆಂಟಿನೆಲ್-2ಎ 2015ರಲ್ಲಿ, 2ಬಿ 2017ರಲ್ಲಿ ಹಾರಿದವು. ಎರಡೂ ಸೇರಿದ ಮೇಲೇ ಐದು ದಿನಕ್ಕೊಂದು ಚಿತ್ರ ಸಿಗಲು ಶುರುವಾಗಿದ್ದು.

ಆದರೆ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳನ್ನು ತಯಾರಿಸುವ ವಿಧಾನ ಬದಲಾಯಿತು. ಪ್ರತಿ ಪಿಕ್ಸೆಲ್‌ನ ಅಂಕಿಗೂ 1000 ಕೂಡಿಸಿ ಕೊಡುತ್ತಾರೆ. ಅದನ್ನು ಕಳೆದೇ ಸೂತ್ರ ಹಾಕಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ. ಹಸಿರು ಪಟ್ಟಿ 600, ಇನ್‌ಫ್ರಾರೆಡ್ 300 ಇದೆ ಅಂದುಕೊಳ್ಳಿ. 300 ಭಾಗಿಸು 900, ಅಂದರೆ 0.33. ಈಗ ಎರಡಕ್ಕೂ 1000 ಸೇರಿಸಿ. ಮೇಲೆ ಅದೇ 300, ಕೆಳಗೆ 2900. ಉತ್ತರ 0.10. ನೀರು ಅದೇ, ಕೆರೆ ಅದೇ, ಅಂಕಿ ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಎನ್‌ಡಿವಿಐಗೂ ಹೀಗೇ ಆಗುತ್ತದೆ, ಹಾಗಾಗಿ 0.4 ಅಂತ ಗಡಿ ಇಟ್ಟಿದ್ದರೆ 2022ರಿಂದ ಈಚೆಗೆ ನಿಮ್ಮ ಕಳೆಯಲ್ಲಿ ಒಂದಷ್ಟು ಲೆಕ್ಕದಿಂದ ಮಾಯವಾಗಿಬಿಡಬಹುದು. ಅರ್ತ್ ಎಂಜಿನ್‌ನಲ್ಲಿ "ಹಾರ್ಮೊನೈಸ್ಡ್" ಅನ್ನುವ ಸಂಗ್ರಹ ತೆಗೆದುಕೊಂಡರೆ ಅವರೇ ಇದನ್ನು ಸರಿ ಮಾಡಿ ಕೊಟ್ಟಿರುತ್ತಾರೆ. ಕೈಯಲ್ಲಿ ಇಳಿಸಿಕೊಂಡ ಫೈಲ್ ಆದರೆ ನೀವೇ ಕಳೆಯಬೇಕು.

ಮೋಡದ ಬಗ್ಗೆಯೂ ಹುಷಾರು. ಚಿತ್ರದ ಜೊತೆ ಎಸ್‌ಸಿಎಲ್ ಅಂತ ಒಂದು ಪದರ ಬರುತ್ತದೆ. ಅದರಲ್ಲಿ 8, 9, 10 ಅಂದರೆ ಮೋಡ, 3 ಅಂದರೆ ಮೋಡದ ನೆರಳು. ಈ ನೆರಳೇ ದೊಡ್ಡ ಕಾಟ, ಕಪ್ಪಗಿರುವುದರಿಂದ ನೀರಿನ ಲೆಕ್ಕದಲ್ಲಿ ನುಸುಳಿಬಿಡುತ್ತದೆ. ಉಪಗ್ರಹ ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಹತ್ತೂವರೆ ಆಸುಪಾಸು. ಬಿಸಿಲು ಪೂರ್ವದ ಕಡೆಯಿಂದ, ಹಾಗಾಗಿ ನೆರಳು ಮೋಡಕ್ಕಿಂತ ಪಶ್ಚಿಮಕ್ಕೆ ಬಿದ್ದಿರುತ್ತದೆ. ಅನುಮಾನ ಬಂದ ಚಿತ್ರದಲ್ಲಿ ಕಪ್ಪು ಚುಕ್ಕೆಯ ಪೂರ್ವಕ್ಕೆ ಅದೇ ಆಕಾರದ ಮೋಡ ಇದೆಯಾ ಅಂತ ಹುಡುಕಿ.

ಕಳೆ ಗುರುತಿಸಲು ಗಡಿ ಅಂಕಿ ಇಟ್ಟುಕೊಂಡು ಒದ್ದಾಡುವ ಬದಲು ಚಿತ್ರ ನೋಡಿ ಕಲಿಯುವ ಯು-ನೆಟ್ ಅನ್ನುವ ಎಐ ಮಾಡೆಲ್‌ಗೆ ತರಬೇತಿ ಕೊಟ್ಟುಬಿಡಿ. ಎಲ್ಲ ತಾನೇ ಕಲಿಯುತ್ತದೆ.

---

ಹತ್ತುಮೀಟರ್ ಉತ್ತರಿಸಿದ್ದು:

1000 ಕಳೆಯುವ ವಿಷಯ ನೆನಪಿಸಿದ್ದು ಒಳ್ಳೆಯದಾಯಿತು. ಯು-ನೆಟ್ ಮಾತು ಮಾತ್ರ ನಾನು ಒಪ್ಪುವುದಿಲ್ಲ.

ಒಂದು ಕೆರೆಗೆ, ಊರಿನವರು ನಡೆಸುವ ಕೆಲಸಕ್ಕೆ, ಯಾಕೆ ಬೇಕು ಅದು? ತರಬೇತಿಗೆ ನೂರಾರು ಚಿತ್ರಗಳ ಮೇಲೆ ಕೈಯಲ್ಲಿ ಗೆರೆ ಎಳೆಯಬೇಕು. ಕೊನೆಗೆ ಪಂಚಾಯಿತಿಯಲ್ಲಿ ಯಾರೋ ಎದ್ದು ನಿಂತು "ಇದನ್ನು ಕಳೆ ಅಂತ ಹೇಗೆ ಹೇಳಿದೆ" ಅಂದರೆ ಮಾಡೆಲ್ ಹೇಳಿತು ಅನ್ನಬೇಕಾಗುತ್ತದೆ. ಎಲೆ ಇನ್‌ಫ್ರಾರೆಡ್ ಎಸೆಯುತ್ತದೆ, ನೀರು ನುಂಗುತ್ತದೆ, ಏರಿ ಕಡೆ ಆಳ ಇದೆ, ಇಷ್ಟು ಹೇಳಿದರೆ ನೀರುಗಂಟಿಗೂ ಅರ್ಥವಾಗುತ್ತದೆ. ಅವರು ಅದನ್ನು ಒಪ್ಪಬಹುದು, ಇಲ್ಲ ಅನ್ನಬಹುದು, ಅಲ್ಲಿ ಕಳೆಯಲ್ಲ ಜೊಂಡು ಅಂತ ತಿದ್ದಬಹುದು. ಜಿಲ್ಲೆಯ ಸಾವಿರಾರು ಕೆರೆಗೆ ಒಟ್ಟಿಗೆ ಮಾಡುವಾಗ ಮಾಡೆಲ್ ಬೇಕು, ಸರಿ. ಇಲ್ಲಿ ಬೇಡ.

ಗಡಿ ಅಂಕಿಯನ್ನು ಯಂತ್ರವೇ ಹುಡುಕಲಿ ಅನ್ನುವುದಾದರೆ ಓಟ್ಸು ವಿಧಾನ ಇದೆ. 1979ರದ್ದು, ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿ ನಡುವೆ ಗೆರೆ ಹಾಕುತ್ತದೆ. ಆದರೆ ಎರಡು ಗುಂಪು ಇದ್ದರೆ ತಾನೇ? ಕೆರೆ ಪೂರ್ತಿ ಒಣಗಿದ್ದರೂ, ಪೂರ್ತಿ ಕಳೆ ಮುಚ್ಚಿದ್ದರೂ ಅದು ಸುಮ್ನೆ ಎಲ್ಲೋ ಒಂದು ಕಡೆ ಗೆರೆ ಹಾಕಿ ಅರ್ಧ ನೀರು ಅಂತ ಹೇಳಿಬಿಡುತ್ತದೆ. ಕೆರೆಯ ಸುತ್ತ ಸ್ವಲ್ಪ ಹೊಲವನ್ನೂ ಸೇರಿಸಿಕೊಂಡು ಮಾಡಿ, ಬಂದ ಉತ್ತರವನ್ನು ಕಣ್ಣಲ್ಲಿ ಒಮ್ಮೆ ನೋಡಿ.

ಸಣ್ಣ ಕೆರೆಗೆ ಆಗುತ್ತದಾ ಅಂತ ಕೇಳಿದ್ದಿರಿ. 40 ಎಕರೆ ಅಂದರೆ ಹತ್ತು ಮೀಟರ್ ಪಿಕ್ಸೆಲ್‌ನಲ್ಲಿ ಸುಮಾರು 1600 ಪಿಕ್ಸೆಲ್. ಅದರಲ್ಲಿ ದಡದ ಮೇಲೆ ಬೀಳುವ, ಅರ್ಧ ನೀರು ಅರ್ಧ ನೆಲ ಇರುವ ಪಿಕ್ಸೆಲ್‌ಗಳು 200ರ ಆಸುಪಾಸು ಇರಬಹುದು. ಅವು ಯಾವ ಕಡೆಗಾದರೂ ವಾಲಬಹುದು. ಹಾಗಾಗಿ ಎರಡು ಚಿತ್ರಗಳ ನಡುವೆ ಒಂದೆರಡು ಎಕರೆ ವ್ಯತ್ಯಾಸ ಬಂದರೆ ಏನೂ ಆಗಿಲ್ಲ ಅಂತಲೇ ತಿಳಿಯಿರಿ. ಹತ್ತು ಎಕರೆ ವ್ಯತ್ಯಾಸ ಬಂದರೆ ಏನೋ ನಿಜವಾಗಿ ಆಗಿದೆ. ಅಂಕಿಯನ್ನು 23.47 ಎಕರೆ ಅಂತ ಬರೆಯಲೇಬೇಡಿ. "ಸುಮಾರು 23" ಅನ್ನಿ.

ಬಿ8ರ ಬದಲು ಬಿ11 ಅನ್ನುವ ಇನ್ನೊಂದು ಇನ್‌ಫ್ರಾರೆಡ್ ಪಟ್ಟಿ ಬಳಸಿ ಮಾಡುವ ಎಂಎನ್‌ಡಿಡಬ್ಲ್ಯುಐ, ಅಂದರೆ 2006ರ ಕ್ಸು ಸೂತ್ರ, ಮನೆ ಮತ್ತು ಕಾಂಕ್ರೀಟ್ ಹತ್ತಿರವಿರುವ ಕೆರೆಗೆ ಒಳ್ಳೆಯದು. ಆದರೆ ಆ ಪಟ್ಟಿ ಇಪ್ಪತ್ತು ಮೀಟರ್‌ದು, ದಡ ಇನ್ನೂ ಮಸುಕಾಗುತ್ತದೆ. ಹಳ್ಳಿ ಕೆರೆಗೆ ಹಳೆಯ ಸೂತ್ರವೇ ಸಾಕು.

---

ಏರಿಮೇಲೆ ಬರೆದದ್ದು:

ತುಂಬಾ ತುಂಬಾ ಧನ್ಯವಾದ. ಕಳೆ ಇದೆ. ಸಣ್ಣದಾಗಿ ಒಂದು ಮೂಲೆಯಲ್ಲಿ ಇದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಏರಿಯ ಮೇಲಿಂದ ನೋಡಿದರೆ ಹಾಗೇ ಕಾಣುವುದು. ಮೂರು ಬಣ್ಣದ ನಕ್ಷೆ ಹಾಕಿದ ಮೇಲೆ ಗೊತ್ತಾಯಿತು, ಕೆರೆಯ ಆ ತುದಿಯಲ್ಲಿ, ಯಾರೂ ಹೋಗದ ಕಡೆ, ಜಾಲಿ ಪೊದೆಗಳ ಹಿಂದೆ ದೊಡ್ಡದಾಗಿ ಹಬ್ಬಿದೆ. ಗಾಳಿಯ ಮಾತೂ ನಿಜ. ಜುಲೈ, ಆಗಸ್ಟ್ ತಿಂಗಳ ಒಳ್ಳೆಯ ಚಿತ್ರಗಳಲ್ಲಿ ಕಳೆ ಪೂರ್ವದ ಕಡೆ ಒತ್ತಿಕೊಂಡಿದೆ, ಡಿಸೆಂಬರ್ ಚಿತ್ರಗಳಲ್ಲಿ ಪಶ್ಚಿಮಕ್ಕೆ ಬಂದಿದೆ. ಮುಂಗಾರಿನ ಗಾಳಿ ಒಂದು ಕಡೆ, ಹಿಂಗಾರಿನ ಗಾಳಿ ಇನ್ನೊಂದು ಕಡೆ. ಕಳೆ ತೆಗೆಸುವುದಾದರೆ ಅದು ತಾನಾಗಿ ಏರಿ ಕಡೆಗೆ ಬಂದು ಸೇರುವ ತಿಂಗಳಲ್ಲಿ ತೆಗೆಸಿದರೆ ಜೆಸಿಬಿಯ ಕೈಗೆ ಸಿಗುತ್ತದೆ ಅಂತ ನಮ್ಮಲ್ಲಿ ಒಬ್ಬರು ಹೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ.

ಇನ್ನು ಮೂರು ಅನುಮಾನ ಉಳಿದಿವೆ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಬಿಡುವುದಿಲ್ಲ, ಆಗ ಏನು ಮಾಡುವುದು? ವಿಸ್ತೀರ್ಣದಿಂದ ನೀರಿನ ಪ್ರಮಾಣ ಲೆಕ್ಕ ಹಾಕಬಹುದಾ? ಮತ್ತೆ, ಒಂದು ಕಡೆ ಕೆರೆಯ ಅಂಗಳಕ್ಕೆ ಮಣ್ಣು ಹೊಡೆದು ಹೊಲ ಮಾಡಿಕೊಂಡಿದ್ದಾರೆ. ಈ ಚಿತ್ರ ಕೊಟ್ಟರೆ ಒತ್ತುವರಿಗೆ ಸಾಕ್ಷಿ ಆಗುತ್ತದಾ?

---

ತೂಬು ಉತ್ತರಿಸಿದ್ದು:

ನಾನು ಸರ್ವೆ ಕೆಲಸದಲ್ಲಿ ಬಹಳ ಕಾಲ ಇದ್ದವನು. ಕೊನೆಯ ಎರಡಕ್ಕೆ ಉತ್ತರ ಹೇಳುತ್ತೇನೆ, ಮೋಡದ ವಿಷಯ ಬೇರೆಯವರು ಹೇಳಲಿ.

ನೀರಿನ ಪ್ರಮಾಣ. ವಿಸ್ತೀರ್ಣ ಒಂದೇ ಗೊತ್ತಿದ್ದರೆ ಆಗುವುದಿಲ್ಲ. ಹೂಳು ತುಂಬಿದ ಕೆರೆ ಅಗಲವಾಗಿ ಕಾಣುತ್ತದೆ, ಒಳಗೆ ಮೊಣಕಾಲು ನೀರು. ಇಂಟರ್ನೆಟ್‌ನಲ್ಲಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ನಕ್ಷೆ ಹಾಕಿ ಆಳ ಲೆಕ್ಕ ಮಾಡುವವರನ್ನು ನೋಡಿದ್ದೇನೆ. ಅದು 2000ನೇ ಇಸವಿಯ ಫೆಬ್ರವರಿಯಲ್ಲಿ ಅಳೆದದ್ದು. ಅಲ್ಲಿಂದ ಈಚೆಗೆ ಎಷ್ಟು ಹೂಳು ಬಂತೋ, ಎಷ್ಟು ತೆಗೆದರೋ. ಮೇಲಾಗಿ ಅದರ ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಇರುವುದು ಸಾಮಾನ್ಯ. ನಮ್ಮ ಕೆರೆಗಳ ಆಳವೇ ಕೆಲವು ಮೀಟರ್. ಅಳತೆಗೋಲಿನ ತಪ್ಪು ಅಳೆಯುವ ವಸ್ತುವಿನಷ್ಟೇ ಇದ್ದರೆ ಏನು ಪ್ರಯೋಜನ?

ಅದರ ಬದಲು ಹೀಗೆ ಮಾಡಿ. ತೂಬಿನ ಕಲ್ಲಿನ ಮೇಲೆ ಅಡಿ ಅಡಿಗೂ ಬಣ್ಣದ ಗೆರೆ ಹಾಕಿ. ಉಪಗ್ರಹ ಹಾಯುವ ದಿನ ಬೆಳಿಗ್ಗೆ ಯಾರಾದರೂ ಹೋಗಿ ನೀರು ಯಾವ ಗೆರೆಗಿದೆ ಅಂತ ಬರೆದಿಡಲಿ, ಫೋನಿನಲ್ಲಿ ಒಂದು ಫೋಟೋ ತೆಗೆಯಲಿ. ಒಂದು ಮಳೆಗಾಲ, ಒಂದು ಬೇಸಿಗೆ ಹೀಗೆ ಮಾಡಿದರೆ ಇಷ್ಟು ಅಡಿಗೆ ಇಷ್ಟು ಎಕರೆ ಅನ್ನುವ ನಿಮ್ಮದೇ ಪಟ್ಟಿ ತಯಾರಾಗುತ್ತದೆ. ಎರಡು ಗೆರೆಗಳ ನಡುವಿನ ವಿಸ್ತೀರ್ಣದ ಸರಾಸರಿಯನ್ನು ಎತ್ತರದಿಂದ ಗುಣಿಸಿದರೆ ಆ ಪದರದ ನೀರು. ಒಂದೊಂದೇ ಪದರ ಕೂಡಿಸುತ್ತಾ ಹೋಗಿ. ಇಲ್ಲಿ ಕಳೆ ಮುಚ್ಚಿದ ಜಾಗವನ್ನೂ ನೀರಿಗೇ ಸೇರಿಸಬೇಕು, ಮರೆಯಬೇಡಿ. ಹಳೆಯ ಸಾಮರ್ಥ್ಯದ ಪಟ್ಟಿ ಸಣ್ಣ ನೀರಾವರಿ ಇಲಾಖೆಯಲ್ಲೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಲ್ಲೋ ಇರಬಹುದು, ಕೆರೆ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ. ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಪಟ್ಟಿಗೂ ಅದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಹೂಳಿನ ಲೆಕ್ಕವೇ.

ಒತ್ತುವರಿ. ಇದರಲ್ಲಿ ನೇರವಾಗಿ ಹೇಳುತ್ತೇನೆ, ಹತ್ತು ಮೀಟರ್ ಪಿಕ್ಸೆಲ್ ಚಿತ್ರ ಗಡಿಗೆ ಸಾಕ್ಷಿ ಆಗುವುದಿಲ್ಲ. ಚಿತ್ರವೇ ಒಂದು ಪಿಕ್ಸೆಲ್‌ನಷ್ಟು ಅತ್ತಿತ್ತ ಕೂತಿರಬಹುದು. ಹತ್ತು ಮೀಟರ್ ಅಂದರೆ 33 ಅಡಿ. ಅಷ್ಟಕ್ಕೆ ಊರಿನಲ್ಲಿ ಹೊಡೆದಾಟವೇ ಆಗುತ್ತದೆ. ನೀವು ಮೊದಲು ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗ ಯಾವ ಸರ್ವೆ ನಂಬರಿಗೆ ಬೀಳುತ್ತದೆ ನೋಡಿ, ಗ್ರಾಮ ನಕಾಶೆ ತೆಗೆಯಿರಿ, ಪಹಣಿಯಲ್ಲಿ ಕೆರೆ ಅಂಗಳ ಅಂತ ಇದೆಯಾ ನೋಡಿ. ಗಡಿಯನ್ನು ತೀರ್ಮಾನಿಸುವುದು ಭೂಮಾಪಕರ ಅಳತೆ ಮಾತ್ರ. ದಿಶಾಂಕ್ ಕೂಡ ದಾರಿ ತೋರಿಸುತ್ತದೆ ಅಷ್ಟೇ, ಅದು ಸರ್ವೆ ಅಲ್ಲ.

ಹಾಗಂತ ನಿಮ್ಮ ಚಿತ್ರ ವ್ಯರ್ಥ ಅಲ್ಲ. ಎಲ್ಲಿ ಅನ್ನುವುದಕ್ಕೆ ಅದು ಬಲವಿಲ್ಲದ್ದು, ಯಾವಾಗ ಅನ್ನುವುದಕ್ಕೆ ಅದರಷ್ಟು ಬಲವಾದದ್ದು ಇನ್ನೊಂದಿಲ್ಲ. ಇಂಥ ದಿನಾಂಕದ ಚಿತ್ರದಲ್ಲಿ ಇಲ್ಲಿ ನೀರಿತ್ತು, ಇಂಥ ದಿನಾಂಕಕ್ಕೆ ಇಲ್ಲಿ ಹೊಸ ಮಣ್ಣು ಬಿದ್ದಿದೆ, ಆಮೇಲಿನ ಎಲ್ಲ ಚಿತ್ರದಲ್ಲೂ ಬೆಳೆ ಇದೆ. "ಅಜ್ಜನ ಕಾಲದಿಂದ ಉಳುತ್ತಿದ್ದೇವೆ" ಅಂತ ಯಾರಾದರೂ ಹೇಳಿದರೆ ಈ ಮೂರು ಚಿತ್ರ ಮುಂದಿಡಬಹುದು. ಅರ್ಜಿಯಲ್ಲಿ ಚಿತ್ರದ ದಿನಾಂಕ, ಉಪಗ್ರಹದ ಹೆಸರು, ಫೈಲ್‌ನ ಪೂರ್ತಿ ಹೆಸರು ಬರೆಯಿರಿ. ಬೇರೆ ಯಾರು ಬೇಕಾದರೂ ಅದೇ ಫೈಲ್ ಇಳಿಸಿಕೊಂಡು ಪರೀಕ್ಷೆ ಮಾಡುವ ಹಾಗಿರಬೇಕು.

---

ಹತ್ತುಮೀಟರ್ ಉತ್ತರಿಸಿದ್ದು:

ಮೋಡದ ಪ್ರಶ್ನೆಗೆ. ಸೆಂಟಿನೆಲ್-1 ನೋಡಿ, ಅದು ರಾಡಾರ್. ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಅಳೆಯುತ್ತದೆ, ಮೋಡವೂ ಅಡ್ಡಿಯಿಲ್ಲ, ರಾತ್ರಿಯೂ ಅಡ್ಡಿಯಿಲ್ಲ. ನಿಂತ ನೀರು ಕನ್ನಡಿಯ ಹಾಗೆ ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದು ಬಹಳ ಕಡಿಮೆ, ಚಿತ್ರದಲ್ಲಿ ಕೆರೆ ಕಪ್ಪಗೆ ಕಾಣುತ್ತದೆ. ಆ ಚಿತ್ರದ ಜೊತೆ ಬರುವ ವಿವಿ ಅನ್ನುವ ಪಟ್ಟಿಯಲ್ಲಿ ಮೈನಸ್ 15 ಡೆಸಿಬಲ್‌ಗಿಂತ ಕೆಳಗಿದ್ದದ್ದನ್ನು ನೀರು ಅಂತ ಶುರು ಮಾಡಿ, ಆಮೇಲೆ ನಿಮ್ಮ ಕೆರೆಗೆ ಹೊಂದಿಸಿ. ಎರಡು ಎಚ್ಚರಿಕೆ. ಜೋರು ಗಾಳಿಗೆ ನೀರು ತೆರೆ ಎದ್ದರೆ ನೆಲದ ಹಾಗೆ ಬೆಳ್ಳಗೆ ಕಾಣಬಹುದು. ಮತ್ತೆ, ಕಳೆಯ ಕೆಳಗಿನ ನೀರು ಇದಕ್ಕೂ ಕಾಣುವುದಿಲ್ಲ, ಇದರ ಅಲೆ ಐದಾರು ಸೆಂಟಿಮೀಟರ್ ಉದ್ದದ್ದು, ದಟ್ಟ ಎಲೆಯಲ್ಲೇ ಚದುರಿಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ರಾಡಾರ್‌ನಿಂದ ತೆರೆದ ನೀರಿನ ಲೆಕ್ಕ ಮಾತ್ರ ಇಡಿ, ಕಳೆಯ ಲೆಕ್ಕವನ್ನು ಮೋಡ ಬಿಟ್ಟ ದಿನದ ಸೆಂಟಿನೆಲ್-2ರಿಂದ ತುಂಬಿಸಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ರಾಡಾರ್ ಉಪಗ್ರಹ ಇದಕ್ಕಿಂತ ಉದ್ದದ ಅಲೆಗಳನ್ನು ಬಳಸುತ್ತದೆ, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತದೆ. ಅದರ ಚಿತ್ರಗಳನ್ನೂ ಪಕ್ಕಕ್ಕಿಟ್ಟು ನೋಡಬಹುದು.

ತೂಬು ಅವರು ಹೇಳಿದ "ಯಾವಾಗ" ಅನ್ನುವ ಮಾತಿಗೆ ಇನ್ನೂ ಹಿಂದಕ್ಕೆ ಹೋಗಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಸರಣಿ ಇದೆ. ಮೂವತ್ತು ಮೀಟರ್ ಪಿಕ್ಸೆಲ್‌ನ ಚಿತ್ರಗಳು 1980ರ ದಶಕದಿಂದ ಶುರು, 2008ರಿಂದ ಎಲ್ಲವೂ ಉಚಿತ. ಆದರೆ ನಿಮ್ಮ ಕೆರೆ ಅದರಲ್ಲಿ 180 ಪಿಕ್ಸೆಲ್ ಅಷ್ಟೇ, ಮೂರರಲ್ಲಿ ಒಂದು ಪಿಕ್ಸೆಲ್ ದಡದ ಮೇಲೇ ಬೀಳುತ್ತದೆ. ಕೆರೆ ಆ ವರ್ಷ ತುಂಬಿತ್ತಾ ಇಲ್ಲವಾ ಅನ್ನಲು ಸಾಕು, ಎಕರೆ ಲೆಕ್ಕಕ್ಕೆ ಬೇಡ. ಲ್ಯಾಂಡ್‌ಸ್ಯಾಟ್-7ರ ಚಿತ್ರ ತೆಗೆದುಕೊಂಡರೆ 2003ರ ಮೇ ಕೊನೆಯಿಂದ ಈಚೆಗೆ ಚಿತ್ರದಲ್ಲಿ ಓರೆ ಗೆರೆಗಳ ಹಾಗೆ ಖಾಲಿ ಪಟ್ಟಿ ಇರುತ್ತದೆ. ಉಪಗ್ರಹದ ಒಂದು ಭಾಗ ಕೆಟ್ಟಿದ್ದರಿಂದ ಆದದ್ದು. ಆ ಪಟ್ಟಿ ಕೆರೆಯ ಮೇಲೆ ಬಿದ್ದಿದ್ದರೆ ಆ ಚಿತ್ರ ಬಿಟ್ಟುಬಿಡಿ. ಹೋಲಿಸುವಾಗ ಅದೇ ತಿಂಗಳಿಗೆ ಅದೇ ತಿಂಗಳು ಹೋಲಿಸಿ. ಒಂದು ವರ್ಷದ ಏಪ್ರಿಲ್‌ಗೂ ಇನ್ನೊಂದು ವರ್ಷದ ನವೆಂಬರ್‌ಗೂ ತಾಳೆ ಹಾಕಿದರೆ ಯಾವ ಕಥೆ ಬೇಕಾದರೂ ಹೊರಡುತ್ತದೆ.

ಮೊದಲು ಕಳೆಯ ನಕ್ಷೆ ಪಂಚಾಯಿತಿಗೆ ಕೊಡಿ, ಒತ್ತುವರಿ ಅರ್ಜಿ ಬೇರೆಯಾಗಿ ಕೊಡಿ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಒತ್ತುವರಿ ಜಗಳದಲ್ಲಿ ಕಳೆ ತೆಗೆಯುವ ಕೆಲಸವೂ ನಿಂತುಹೋಗುತ್ತದೆ. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ, ಅದರ ಮೇಲೆ ಕೋಡಿ, ತೂಬು, ದೇವಸ್ಥಾನ, ಊರಿನ ದಾರಿ ಇವಿಷ್ಟನ್ನು ಕನ್ನಡದಲ್ಲೇ ಗುರುತು ಹಾಕಿ. ಮುದ್ರಿಸುವ ಮೊದಲು ನೀರುಗಂಟಿಗೆ ತೋರಿಸಿ, ಅವರು ಬೆರಳಿಟ್ಟು ತಪ್ಪು ಅಂದ ಜಾಗಕ್ಕೆ ಹೋಗಿ ನೋಡಿ ಬನ್ನಿ.